ಧೂಳಿನ ಸಾಕ್ಷ್ಯ ಕೇಳಿದ ವೈದ್ಯ: ಎಡ್ಮೋಂ ಲೊಕಾರ್

ನಮ್ಮ ಮುಂಬಯಿಯ ಜವೇರಿ ಬಜಾರಿನ ಗಲ್ಲಿಗಳಲ್ಲಿ ಬೆಳಗಿನ ಜಾವ ನಡೆದಾಡಿದವರು ಒಂದು ನೋಟವನ್ನು ಕಂಡಿರಬಹುದು. ಅಂಗಡಿಗಳ ಬಾಗಿಲು ತೆರೆಯುವ ಮೊದಲೇ ಕೆಲವರು ಬೀದಿಯ ಕಸವನ್ನೂ ಗಟಾರದ ಕೆಸರನ್ನೂ ಬಳಿದು ಘಮೇಲದಲ್ಲಿ ತುಂಬಿ, ನೀರು ಹಾಕಿ ಜಾಲಿಸುತ್ತ ಕುಳಿತಿರುತ್ತಾರೆ. ಅಕ್ಕಸಾಲಿಗನ ಅರದಿಂದ ಉದುರಿ, ಅವನ ಬಟ್ಟೆಗೆ ಅಂಟಿ, ಅಂಗಾಲಿಗೆ ಮೆತ್ತಿ ಬೀದಿಗೆ ಬಂದ ಚಿನ್ನದ ಕಣಗಳು ಆ ಕೆಸರಿನಲ್ಲಿ ಉಂಟೆಂದು ಅವರು ಬಲ್ಲರು. ಎಷ್ಟು ಝಾಡಿಸಿದರೂ ಅಕ್ಕಸಾಲಿಗನು ಚಿನ್ನವನ್ನು ಪೂರ್ತಿ ಅಂಗಡಿಯಲ್ಲೇ ಬಿಟ್ಟು ಹೊರಬರಲಾರನು. ಈ ಸಾಮಾನ್ಯ ತಿಳಿವಳಿಕೆಯನ್ನೇ ಹಿಡಿದು ಕೊಲೆಗಾರರನ್ನೂ ಖೋಟಾನಾಣ್ಯದವರನ್ನೂ ಪತ್ತೆ ಮಾಡಿದವನು ಫ್ರಾನ್ಸ್ ದೇಶದ ಲಿಯೋನ್ ನಗರದ ವೈದ್ಯ ಎಡ್ಮೋಂ ಲೊಕಾರ್.

ರಾಜ್ಯೋತ್ಸವದ ಸಂಚಿಕೆಯಲ್ಲಿ ಫ್ರೆಂಚ್ ವೈದ್ಯನ ಚರಿತ್ರೆಗೆ ಏನು ಕೆಲಸವೆಂದು ಕೆಲವರು ಕೇಳಬಹುದು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಾಠದ ಪುಸ್ತಕದ ಮರೆಯಲ್ಲಿಟ್ಟು ಓದಿದವರು ನಮ್ಮ ಸಂಘದಲ್ಲಿ ಕಡಿಮೆಯೇನೂ ಇಲ್ಲ. ಅಂಥವರಿಗೆ ಈ ಚರಿತ್ರೆ ಪರಕೀಯವಾಗಲಾರದು. ಆದರೆ ಕಾದಂಬರಿಗೂ ನಿಜಕ್ಕೂ ಒಂದು ವ್ಯತ್ಯಾಸವಿದೆ. ಕಾದಂಬರಿಯ ಪತ್ತೇದಾರನು ಎಂದೂ ತಪ್ಪುವುದಿಲ್ಲ. ನಿಜವಾದ ಪ್ರಯೋಗಾಲಯದಲ್ಲಿ ಕುಳಿತವನು ತಪ್ಪಬಹುದು. ಅವನು ತಪ್ಪಿದರೆ ನಿರಪರಾಧಿಯೊಬ್ಬನು ಗಲ್ಲಿಗೇರುತ್ತಾನೆ ಇಲ್ಲವೆ ಸೆರೆಮನೆಯಲ್ಲಿ ಕೊಳೆಯುತ್ತಾನೆ. ಲೊಕಾರನ ಜೀವನವನ್ನು ಓದುವಾಗ ನಮಗೆ ಮುಖ್ಯವೆನಿಸಿದ್ದು ಆತನು ಹಿಡಿದುಕೊಟ್ಟ ಅಪರಾಧಿಗಳ ಲೆಕ್ಕವಲ್ಲ. ಎಲ್ಲಿಯವರೆಗೆ ಖಚಿತವಾಗಿ ಹೇಳಬಹುದು, ಎಲ್ಲಿಂದ ಮುಂದೆ ಬಾಯಿ ಮುಚ್ಚಬೇಕು ಎಂಬ ಗಡಿಯನ್ನು ಎಳೆಯಲು ಆತನು ಪಟ್ಟ ಶ್ರಮ.

ಲೊಕಾರ್ ಹುಟ್ಟಿದ್ದು 1877ರ ಡಿಸೆಂಬರ್ 13ರಂದು, ಲಿಯೋನಿಗೆ ಹತ್ತಿರದ ಸ್ಯಾಂ ಶಾಮೋಂ ಎಂಬ ಊರಿನಲ್ಲಿ. ತಂದೆ ಆರ್ನೂ ಲೊಕಾರ್ ವೃತ್ತಿಯಿಂದ ಎಂಜಿನಿಯರ್, ಅಭಿರುಚಿಯಿಂದ ಪ್ರಕೃತಿ ವಿಜ್ಞಾನಿ. ಶಂಖ, ಚಿಪ್ಪು, ಬಸವನಹುಳುಗಳನ್ನು ಕೂಡಿಹಾಕಿ, ಕೂದಲೆಳೆಯ ಅಂತರವನ್ನು ಗುರುತಿಸಿ, ಒಂದೊಂದಕ್ಕೂ ಹೆಸರಿಟ್ಟು ವಿಂಗಡಿಸುವುದು ಅವನ ಹವ್ಯಾಸವಾಗಿತ್ತು. ಮಗನು ಮುಂದೆ ಧೂಳಿನಲ್ಲಿ ಜಾತಿಕುಲಗಳನ್ನು ಹುಡುಕಿದ್ದಕ್ಕೆ ಬೀಜ ಮನೆಯಲ್ಲಿಯೇ ಬಿದ್ದಿರಬೇಕು.

ಲಿಯೋನಿನಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದ ತರುಣನು ಮೊದಲು ಒಲಿಯೆ ಎಂಬ ಪ್ರಸಿದ್ಧ ಮೂಳೆ ಶಸ್ತ್ರವೈದ್ಯನ ಶಿಷ್ಯನಾದನು. 1900ರಲ್ಲಿ ಗುರುವು ತೀರಿಕೊಂಡ ಬಳಿಕ ಆತನು ಹೋಗಿ ಸೇರಿದ್ದು ಲಕಾಸಾಞ್ ಎಂಬ ನ್ಯಾಯವೈದ್ಯ ಪ್ರಾಧ್ಯಾಪಕನ ಬಳಿಗೆ. ಈ ಗುರುವಿನ ಹೆಸರು ಆಗಲೇ ಫ್ರಾನ್ಸಿನಲ್ಲೆಲ್ಲ ಮನೆಮಾತಾಗಿತ್ತು. 1889ರಲ್ಲಿ ಲಿಯೋನಿನ ಹೊರವಲಯದ ಮಿಲ್ಲರಿಯಲ್ಲಿ ಕೊಳೆತ ಶವವೊಂದು ಸಿಕ್ಕಿತು. ಪ್ಯಾರಿಸಿನಿಂದ ಕಾಣೆಯಾಗಿದ್ದ ಗುಫೆ ಎಂಬ ನ್ಯಾಯಾಲಯದ ಅಧಿಕಾರಿಯ ಶವ ಅದಾಗಿರಬಹುದೆಂಬ ಗುಮಾನಿ ಹುಟ್ಟಿತು. ಮೊದಲು ಪರೀಕ್ಷಿಸಿದ ವೈದ್ಯನು ಕೂದಲು ಕಪ್ಪಗಿದೆ, ವಯಸ್ಸೂ ಹೊಂದುವುದಿಲ್ಲ, ಇವನು ಬೇರೆ ಯಾರೋ ಎಂದು ಬರೆದುಕೊಟ್ಟನು. ಶವವನ್ನು ಹೂತದ್ದೂ ಆಯಿತು. ತಿಂಗಳುಗಳ ಮೇಲೆ ಅದನ್ನು ಮತ್ತೆ ಹೊರತೆಗೆಸಿ ಲಕಾಸಾಞ್‌ನ ಮುಂದಿಟ್ಟರು. ಆತನು ಕೂದಲನ್ನು ತೊಳೆದನು. ಕಪ್ಪೆಲ್ಲ ಕೊಳೆಯಾಗಿದ್ದು, ಒಳಗಿನ ಕಂದು ಬಣ್ಣ ಹೊರಬಿತ್ತು. ಬಲಗಾಲಿನ ಮೂಳೆಯಲ್ಲಿ ಹಳೆಯ ರೋಗದ ಗುರುತಿತ್ತು. ಗುಫೆ ಬದುಕಿದ್ದಾಗ ಬಲಗಾಲು ಎಳೆಯುತ್ತಿದ್ದನು. ಕೊಲೆಗಾರನು ಸಿಕ್ಕಿಬಿದ್ದನು. ಕೂದಲು ತೊಳೆಯುವ ತಾಳ್ಮೆ ಒಬ್ಬನಿಗಿತ್ತು, ಇನ್ನೊಬ್ಬನಿಗಿರಲಿಲ್ಲ, ಅಷ್ಟೆ.

ಈ ಗುರುವಿನ ಕೈಕೆಳಗೆ ಲೊಕಾರ್ 1902ರಲ್ಲಿ ವೈದ್ಯ ಪದವಿಯ ಪ್ರಬಂಧ ಬರೆದು, ಕಾನೂನನ್ನೂ ಓದಿ, 1907ರಲ್ಲಿ ವಕೀಲಿ ಪರೀಕ್ಷೆಯನ್ನೂ ಮುಗಿಸಿದನು. ಅನಂತರ ದೇಶ ಸುತ್ತಲು ಹೊರಟನು. ಬರ್ಲಿನ್, ರೋಮ್, ಬ್ರಸೆಲ್ಸ್, ಸ್ವಿಟ್ಜರ್ಲೆಂಡಿನ ಲೊಸಾನ್, ಕಡಲಾಚೆಯ ನ್ಯೂಯಾರ್ಕ್ ಮತ್ತು ಷಿಕಾಗೊ, ಹೀಗೆ ಎಲ್ಲೆಲ್ಲಿ ಪೊಲೀಸರು ವಿಜ್ಞಾನದ ಮಾತಾಡುತ್ತಿದ್ದರೋ ಅಲ್ಲೆಲ್ಲ ಇಣುಕಿ ನೋಡಿದನು.

ಪ್ಯಾರಿಸಿನಲ್ಲಿ ಆತನು ಕಂಡದ್ದು ಬರ್ಟಿಯೋನ್ ಎಂಬ ಅದ್ಭುತ ವ್ಯಕ್ತಿಯನ್ನು. ಸೆರೆಯಾಳುಗಳ ತಲೆ, ಕೈ, ಕಾಲು, ಬೆರಳುಗಳನ್ನು ಅಳೆದು ಚೀಟಿಗಳಲ್ಲಿ ದಾಖಲಿಸಿ, ಹೆಸರು ಬದಲಾಯಿಸಿ ಬಂದ ಹಳೆಯ ಅಪರಾಧಿಯನ್ನು ಕ್ಷಣದಲ್ಲಿ ಗುರುತಿಸುವ ಪದ್ಧತಿ ಅವನದು. ಆದರೆ ಇದೇ ಬರ್ಟಿಯೋನ್ 1894ರಲ್ಲಿ ತನಗೆ ಗೊತ್ತಿಲ್ಲದ ವಿದ್ಯೆಯಲ್ಲಿ ಕೈಹಾಕಿದ್ದನು. ಸೇನಾಧಿಕಾರಿ ಡ್ರೈಫಸ್‌ನ ಮೇಲೆ ದೇಶದ್ರೋಹದ ಆಪಾದನೆ ಬಂದಾಗ ಗುಪ್ತಪತ್ರದ ಅಕ್ಷರ ಅವನದೇ ಎಂದು ನುಡಿದುಬಿಟ್ಟನು. ಅಕ್ಷರಗಳು ಹೊಂದದ ಕಡೆಯಲ್ಲಿ ಡ್ರೈಫಸನು ತನ್ನ ಅಕ್ಷರವನ್ನು ತಾನೇ ಬೇಕೆಂದು ತಿರುಚಿದ್ದಾನೆಂದು ವಾದಿಸಿದನು. ಹೊಂದಿದರೂ ಅಪರಾಧಿ, ಹೊಂದದಿದ್ದರೂ ಅಪರಾಧಿ! ಪಾಪ, ಆ ಮನುಷ್ಯನನ್ನು ದೆವ್ವದ ದ್ವೀಪಕ್ಕೆ ಅಟ್ಟಿದರು. ನಿರ್ದೋಷಿಯೆಂದು ನ್ಯಾಯಾಲಯ ಸಾರುವ ಹೊತ್ತಿಗೆ 1906 ಆಗಿತ್ತು. ಲೊಕಾರ್ ಬರ್ಟಿಯೋನನನ್ನು ಗೌರವಿಸುತ್ತಿದ್ದನು. ಆದರೆ ಒಂದು ಕಾಲದ ಅತ್ಯಂತ ದೊಡ್ಡ ತಜ್ಞನೂ ಹೇಗೆ ಜಾರಬಲ್ಲನೆಂಬುದು ಆ ತಲೆಮಾರಿನವರೆಲ್ಲರ ಕಣ್ಣಮುಂದೆ ಇತ್ತು.

ಆ ವೇಳೆಗೆ ಬರ್ಟಿಯೋನನ ಅಳತೆಗಳನ್ನು ಬೆರಳಚ್ಚು ಹಿಂದಕ್ಕೆ ತಳ್ಳುತ್ತಿತ್ತು. ಈ ವಿದ್ಯೆ ಬೇರೂರಿದ್ದು ನಮ್ಮ ದೇಶದಲ್ಲಿ ಎಂಬುದನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು. ಕಲ್ಕತ್ತೆಯಲ್ಲಿ 1897ರಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಅಚ್ಚುಗಳನ್ನು ವರ್ಗೀಕರಿಸುವ ಲೆಕ್ಕಾಚಾರವನ್ನು ಕಟ್ಟಿಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಉಳಿದದ್ದು ಮೇಲಧಿಕಾರಿ ಹೆನ್ರಿಯ ಹೆಸರು.

ಊರಿಗೆ ಮರಳಿದ ಲೊಕಾರ್ ಲಿಯೋನಿನ ಅಧಿಕಾರಿಗಳ ಬೆನ್ನು ಹತ್ತಿದನು. ಪೊಲೀಸರಿಗೆ ಪ್ರಯೋಗಾಲಯವೇಕೆಂದು ಅವರಿಗೆ ಅರ್ಥವಾಗಲಿಲ್ಲ. ಅಪರಾಧಿಯನ್ನು ಹಿಡಿದು ಗದರಿಸಿದರೆ ಒಪ್ಪಿಕೊಳ್ಳುತ್ತಾನೆ, ಅದಕ್ಕೆ ಗಾಜಿನ ನಳಿಗೆ ಯಾಕೆ? ಕೊನೆಗೆ 1910ರಲ್ಲಿ, ಸೋನ್ ನದಿಯ ದಂಡೆಯ ಮೇಲೆ ಇಪ್ಪತ್ತನಾಲ್ಕು ಕಂಬಗಳನ್ನು ಹೊತ್ತು ನಿಂತ ನ್ಯಾಯಾಲಯದ ಕಟ್ಟಡದಲ್ಲಿ, ಸೂರಿನಡಿಯ ಅಟ್ಟದ ಎರಡು ಕೋಣೆಗಳನ್ನು ಕೊಟ್ಟರು. ಜೊತೆಗೆ ಇಬ್ಬರು ಸಹಾಯಕರು. ಹೇಳಿಕೊಳ್ಳುವಂಥ ಸಲಕರಣೆಯೆಂದರೆ ಒಂದು ಸೂಕ್ಷ್ಮದರ್ಶಕ, ಒಂದು ಸಾಧಾರಣ ವರ್ಣಪಟಲದರ್ಶಕ. ಪೊಲೀಸ್ ಇಲಾಖೆಗೆ ಸೇರಿದ ಅಪರಾಧ ಪ್ರಯೋಗಾಲಯಗಳಲ್ಲಿ ಜಗತ್ತಿನಲ್ಲೇ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುವುದು ಇದನ್ನೇ. ಅಧಿಕೃತ ಮನ್ನಣೆ ಸಿಗುವುದಕ್ಕೆ 1912ರವರೆಗೆ ಕಾಯಬೇಕಾಯಿತು.

ಧೂಳಿನ ವಿಚಾರವನ್ನು ಲೊಕಾರ್ ತಾನೇ ಕಂಡುಹಿಡಿದೆನೆಂದು ಹೇಳಿಕೊಂಡವನಲ್ಲ. ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸ್ ಕಥೆಗಳಿಂದ ಕಲಿತೆನೆಂದು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಿದ್ದನು. ಶಿಷ್ಯರಿಗೂ ಅವನ್ನು ಓದಲು ಹೇಳುತ್ತಿದ್ದನು. ಇನ್ನೊಂದು ಮೂಲ ಆಸ್ಟ್ರಿಯದ ನ್ಯಾಯಾಧಿಕಾರಿ ಹಾನ್ಸ್ ಗ್ರೋಸ್ 1893ರಲ್ಲಿ ಪ್ರಕಟಿಸಿದ ಕೈಪಿಡಿ. ಅದರಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಅಪರಾಧದ ಸ್ಥಳದಲ್ಲಿ ವಾರಸುದಾರರಿಲ್ಲದ ಅಂಗಿಯೊಂದು ಸಿಕ್ಕಿತು. ಅದನ್ನು ಗಟ್ಟಿ ಕಾಗದದ ಚೀಲದಲ್ಲಿ ಹಾಕಿ, ಬಾಯಿ ಅಂಟಿಸಿ, ಕೋಲಿನಿಂದ ಬಡಿದರು. ತಳಕ್ಕೆ ಇಳಿದ ಧೂಳಿನಲ್ಲಿ ಮರದ ಪುಡಿಯೂ ಒಣಗಿದ ಸರೇಸಿನ ಪುಡಿಯೂ ಕಂಡವು. ಅಂಗಿ ಬಡಗಿಯದೆಂದು ತಿಳಿಯಿತು. ಹಿಟ್ಟಿನ ಗಿರಣಿಯವನ ಹುಬ್ಬಿನಲ್ಲಿ ಹಿಟ್ಟು, ಕ್ಷೌರಿಕನ ಬಟ್ಟೆಯಲ್ಲಿ ಕೂದಲು. ಮಲೆನಾಡಿಗೆ ಹೋಗಿಬಂದ ಚಪ್ಪಲಿಯಲ್ಲಿ ಕೆಮ್ಮಣ್ಣು, ಧಾರವಾಡದ ಕಡೆಯದರಲ್ಲಿ ಎರೆಮಣ್ಣು. ನಾವೆಲ್ಲ ನೋಡಿಯೂ ನೋಡದ ಸಂಗತಿಗಳಿವು.

ಲೊಕಾರನ ಅಟ್ಟಕ್ಕೆ ಬಂದ ಮೊದಮೊದಲ ಮೊಕದ್ದಮೆಗಳಲ್ಲಿ 1911ರ ಖೋಟಾ ನಾಣ್ಯಗಳದು ಒಂದು. ಪೊಲೀಸರಿಗೆ ಮೂವರ ಮೇಲೆ ಸಂಶಯವಿತ್ತು, ಸಾಕ್ಷ್ಯವಿರಲಿಲ್ಲ. ಅವರ ಬಟ್ಟೆಗಳನ್ನು ಕೊಡಿರೆಂದು ಲೊಕಾರ್ ಕೇಳಿದನು. ನಾಣ್ಯ ಕೇಳುವುದು ಬಿಟ್ಟು ಬಟ್ಟೆ ಕೇಳುವ ಈ ವೈದ್ಯನನ್ನು ಕಂಡು ಅವರಿಗೆ ನಗು ಬಂದಿರಬೇಕು. ಜೇಬಿನ ಮೂಲೆಗಳ ಧೂಳನ್ನು ಚಿಮಟದಿಂದ ಹೆಕ್ಕಿ, ತೋಳುಗಳನ್ನು ಬಿಳಿಯ ಕಾಗದದ ಮೇಲೆ ಕುಂಚದಿಂದ ಉಜ್ಜಿ, ಬಿದ್ದದ್ದನ್ನು ರಸಾಯನ ಪರೀಕ್ಷೆಗೆ ಒಡ್ಡಿದಾಗ ತವರ, ಸೀಸ, ಆಂಟಿಮನಿ ಸಿಕ್ಕವು. ಖೋಟಾ ನಾಣ್ಯಗಳಲ್ಲಿದ್ದ ಲೋಹಗಳೂ ಇವೇ, ಪ್ರಮಾಣವೂ ಅದೇ. ಆ ಮೂವರೂ ಸಿಕ್ಕಿಬಿದ್ದರು. ಅಟ್ಟಕ್ಕೆ ಮರ್ಯಾದೆ ಬಂದಿತು.

ಆದರೆ ಲೊಕಾರನ ಹೆಸರನ್ನು ಉಳಿಸಿದ್ದು 1912ರ ಗೂರ್ಬ್ಯಾಂ ಪ್ರಕರಣ. ಮಾರಿ ಲಾತೆಲ್ ಎಂಬ ತರುಣಿಯು ತಂದೆತಾಯಿಯ ಮನೆಯಲ್ಲಿಯೇ ಕೊರಳು ಹಿಸುಕಿ ಕೊಲೆಯಾಗಿದ್ದಳು. ಅವಳ ಪ್ರಿಯಕರನಾಗಿದ್ದ ಎಮಿಲ್ ಗೂರ್ಬ್ಯಾಂ ಎಂಬ ಬ್ಯಾಂಕ್ ಗುಮಾಸ್ತನನ್ನು ಹಿಡಿದರು. ಅವನಿಗೆ ಭದ್ರವಾದ ರಕ್ಷಣೆಯಿತ್ತು. ಸಾವು ನಡುರಾತ್ರಿಗೆ ಮುಂಚೆ ಆಯಿತೆಂದು ವೈದ್ಯರ ಮತ. ಆ ಹೊತ್ತಿನಲ್ಲಿ ಅವನು ಮೈಲಿಗಳಾಚೆಯ ಮನೆಯೊಂದರಲ್ಲಿ ಗೆಳೆಯರೊಡನೆ ಊಟ ಮಾಡಿ, ಒಂದು ಗಂಟೆಯವರೆಗೆ ಇಸ್ಪೀಟಾಡುತ್ತಿದ್ದನೆಂದು ಗೆಳೆಯರೇ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ.

ಲೊಕಾರ್ ಶವವನ್ನು ನೋಡಿ ಕೊರಳಿನ ಗಾಯಗಳನ್ನು ಗಮನಿಸಿದನು. ಅಲ್ಲಿಂದ ನೇರವಾಗಿ ಸೆರೆಮನೆಗೆ ಹೋಗಿ ಗೂರ್ಬ್ಯಾಂನ ಉಗುರುಗಳ ಸಂದಿನಲ್ಲಿದ್ದುದನ್ನು ಕೆರೆದು ಕಾಗದಕ್ಕೆ ಇಳಿಸಿಕೊಂಡನು. ಸೂಕ್ಷ್ಮದರ್ಶಕದಡಿ ಚರ್ಮದ ಚೂರುಗಳು ಕಂಡವು. ಅದು ಯಾರ ಚರ್ಮ? ಅವನು ತನ್ನ ಮೈಯನ್ನೇ ಕೆರೆದುಕೊಂಡಿರಬಹುದಲ್ಲ! ಅದನ್ನು ತೀರ್ಮಾನಿಸುವ ಉಪಾಯ ಆಗ ಯಾರಲ್ಲಿಯೂ ಇರಲಿಲ್ಲ. ಬೇರೆಯವನಾಗಿದ್ದರೆ ಇಷ್ಟಕ್ಕೇ ಗೆದ್ದೆನೆಂದುಕೊಳ್ಳುತ್ತಿದ್ದನು. ಲೊಕಾರ್ ಇನ್ನೂ ನೋಡಿದನು. ಚೂರುಗಳ ಮೇಲೆ ನಸುಗೆಂಪು ಪುಡಿ ಲೇಪವಾಗಿತ್ತು. ಅಕ್ಕಿಯ ಪಿಷ್ಟ, ಬಿಸ್ಮತ್, ಮೆಗ್ನೀಸಿಯಂ ಸ್ಟಿಯರೇಟ್, ಸತುವಿನ ಆಕ್ಸೈಡ್, ಬಣ್ಣಕ್ಕಾಗಿ ಬೆರೆಸಿದ ಕಬ್ಬಿಣದ ಕೆಂಪು ಆಕ್ಸೈಡ್: ಹೆಂಗಸರು ಮುಖಕ್ಕೆ ಹಚ್ಚುವ ಪೌಡರು. ಮಾರಿಯ ಕೋಣೆಯನ್ನು ಶೋಧಿಸಿದಾಗ ಸಿಕ್ಕ ಡಬ್ಬಿಯ ಪೌಡರಿನಲ್ಲಿಯೂ ಇವೇ ಪದಾರ್ಥಗಳಿದ್ದವು. ಅದನ್ನು ತಯಾರಿಸಿದ್ದು ಲಿಯೋನಿನ ಒಬ್ಬ ಔಷಧ ವ್ಯಾಪಾರಿ. ಒಂದೇ ಬಗೆಯ ಪೌಡರು ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಡಬ್ಬಿ ತುಂಬಿ ಬರುವ ನಮ್ಮ ಕಾಲದಲ್ಲಿ ಇದೇ ಸಾಕ್ಷ್ಯಕ್ಕೆ ಇಷ್ಟು ತೂಕ ಬರುತ್ತಿರಲಿಲ್ಲವೆಂಬುದನ್ನು ಗಮನಿಸಬೇಕು. ಗೂರ್ಬ್ಯಾಂ ತಪ್ಪೊಪ್ಪಿಕೊಂಡನು. ಗೆಳೆಯರ ಕಣ್ಣು ತಪ್ಪಿಸಿ ಗೋಡೆ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸಿಟ್ಟಿದ್ದನಂತೆ. ಗೆಳೆಯರು ಕಂಡದ್ದನ್ನೇ ಹೇಳಿದ್ದರು. ಸುಳ್ಳು ಹೇಳಿದ್ದು ಗಡಿಯಾರ.

ಅದೇ ವರ್ಷ ಲೊಕಾರ್ ಬೆರಳಚ್ಚಿನ ಗೆರೆಗಳ ಮೇಲಿನ ಬೆವರುರಂಧ್ರಗಳನ್ನೂ ಎಣಿಸತೊಡಗಿದನು. ಕಳವಾದ ಮನೆಯ ಮರದ ಪೆಟ್ಟಿಗೆಯ ಮೇಲಿದ್ದ ಅಚ್ಚಿನ ನೂರಾರು ರಂಧ್ರಗಳನ್ನು ಶಂಕಿತರ ಬೆರಳಿನ ರಂಧ್ರಗಳೊಡನೆ ಹೋಲಿಸಿ ನ್ಯಾಯಾಲಯವನ್ನು ಬೆರಗುಗೊಳಿಸಿದನು. ಈ ಎಣಿಕೆ ಬಹಳ ದೂರ ನಡೆಯಲಿಲ್ಲವೆನ್ನಬೇಕು. ಅಷ್ಟು ಸ್ಪಷ್ಟವಾದ ಅಚ್ಚು ಕಳ್ಳರ ಕೈಯಿಂದ ಸಿಗುವುದು ಅಪರೂಪ.

1914ರಲ್ಲಿ ಮಾಡಿದ ಕೆಲಸ ಸದ್ದಿಲ್ಲದ್ದು, ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಎರಡು ಬೆರಳಚ್ಚುಗಳು ಒಬ್ಬನವೇ ಎಂದು ಯಾವಾಗ ಹೇಳಬಹುದು? ಲೊಕಾರ್ ಮೂರು ಮೆಟ್ಟಿಲು ಹಾಕಿದನು. ಅಚ್ಚು ಸ್ಪಷ್ಟವಾಗಿದ್ದು ಹನ್ನೆರಡಕ್ಕೂ ಹೆಚ್ಚು ಗುರುತುಗಳು ಹೊಂದಿದರೆ ಸಂಶಯವಿಲ್ಲ. ಎಂಟರಿಂದ ಹನ್ನೆರಡರವರೆಗೆ ಹೊಂದಿದರೆ ಅಚ್ಚಿನ ಸ್ಪಷ್ಟತೆಯನ್ನೂ ಗುರುತುಗಳ ವಿರಳತೆಯನ್ನೂ ತೂಗಿ ನೋಡಬೇಕು. ಒಬ್ಬನ ಮಾತು ಸಾಲದು, ಬಲ್ಲವರಿಬ್ಬರು ಒಪ್ಪಬೇಕು. ಅದಕ್ಕಿಂತ ಕಡಿಮೆಯಾದರೆ ಅದು ಬರಿಯ ಊಹೆ, ನಿಶ್ಚಯವಲ್ಲ. ತನ್ನ ವಿದ್ಯೆಯ ಬಾಯಿಗೆ ತಾನೇ ಬೀಗ ಹಾಕಿಕೊಂಡಂತೆ ಇದು. ಅನೇಕ ದೇಶಗಳು ತಮ್ಮ ತಮ್ಮ ಸಂಖ್ಯೆಗಳನ್ನು ಇಟ್ಟುಕೊಂಡವು. ಇಂಗ್ಲೆಂಡು ಹದಿನಾರು ಗುರುತುಗಳ ನಿಯಮವನ್ನು 2001ರಲ್ಲಿ ಕೈಬಿಟ್ಟಿತು. ಬರಿಯ ಸಂಖ್ಯೆಯಿಂದ ಸತ್ಯ ಸಿದ್ಧವಾಗದೆಂಬುದು ಈಗಿನವರ ವಾದ. ಲೊಕಾರನ ನಡುವಣ ಮೆಟ್ಟಿಲಿನಲ್ಲಿ ಆ ವಾದವೂ ಅಡಗಿಯೇ ಇದೆ.

ಮೊದಲನೆಯ ಮಹಾಯುದ್ಧದಲ್ಲಿ ಆತನು ಸರ್ಕಾರಕ್ಕಾಗಿ ಗುಪ್ತಲಿಪಿಗಳನ್ನು ಬಿಡಿಸಿದನು. ಯುದ್ಧ ಮುಗಿದ ಮೇಲೆ ಬಂದದ್ದು ತುಲ್ ಎಂಬ ಸಣ್ಣ ಊರಿನ ವಿಷಪತ್ರಗಳ ಮೊಕದ್ದಮೆ. 1917ರಿಂದಲೂ ಅಲ್ಲಿ ಹೆಸರಿಲ್ಲದ ಕಾಗದಗಳು ಮನೆಮನೆಗೆ ಬರುತ್ತಿದ್ದವು. ಅವರಿವರ ಹಾದರ, ಅವರಿವರ ಲಂಚ, ದಪ್ಪಕ್ಷರದಲ್ಲಿ ಬರೆದ ಹೊಲಸು ಮಾತುಗಳು. ಗಂಡ ಹೆಂಡಿರು ಒಬ್ಬರನ್ನೊಬ್ಬರು ನಂಬದಂತಾದರು. ಗುಮಾಸ್ತನೊಬ್ಬನು ಬುದ್ಧಿ ಕದಡಿ ಸತ್ತೇಹೋದನು. ಚಿಕ್ಕ ಊರುಗಳಲ್ಲಿ ಬೆಳೆದ ನಮಗೆ ಇದರ ಭಯಂಕರತೆಯನ್ನು ವಿವರಿಸಬೇಕಾಗಿಲ್ಲ.

1922ರ ಜನವರಿಯಲ್ಲಿ ಲೊಕಾರ್ ತುಲ್‌ಗೆ ಹೋದನು. ಶಂಕಿತರನ್ನು ಕೂರಿಸಿ ಉಕ್ತಲೇಖನ ಬರೆಸಿದನು, ನಮ್ಮ ಶಾಲೆಗಳಲ್ಲಿ ಮೇಷ್ಟರು ಬರೆಸುತ್ತಿದ್ದಂತೆ! ಆಂಜೆಲ್ ಲಾವಲ್ ಎಂಬ ಸರ್ಕಾರಿ ಕಚೇರಿಯ ಹೆಂಗಸು ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ, ಬಹಳ ನಿಧಾನವಾಗಿ ಬರೆದಳು. ಲೊಕಾರ್ ಅವಸರ ಮಾಡಲಿಲ್ಲ. ಪುಟದ ಮೇಲೆ ಪುಟ ಬರೆಸುತ್ತಲೇ ಹೋದನು. ಮರೆಮಾಚುವುದಕ್ಕೆ ಮನಸ್ಸು ಎಚ್ಚರವಿರಬೇಕು. ದಣಿದ ಕೈ ತನ್ನ ಅಭ್ಯಾಸಕ್ಕೆ ಮರಳುತ್ತದೆ. ಕೊನೆಗೆ ಕಾಗದಗಳ ಅಕ್ಷರ ಅವಳ ಕೈಯಲ್ಲಿ ಮೂಡಿತು. ಮೇಲಧಿಕಾರಿಯ ಮೇಲಿಟ್ಟ ಪ್ರೀತಿ ವಿಫಲವಾದದ್ದು ಮೂಲವೆಂದು ತಿಳಿಯಿತು. ಅವಮಾನ ತಾಳದೆ ತಾಯಿ ಮಗಳು ಇಬ್ಬರೂ ಕೆರೆಗೆ ಬಿದ್ದರು. ತಾಯಿ ಸತ್ತಳು, ಮಗಳು ಉಳಿದಳು. ನ್ಯಾಯಾಲಯವು ಕೊಟ್ಟ ಶಿಕ್ಷೆ ಹಗುರವಾಗಿತ್ತು. ಈ ಕಥೆಯಿಂದ ಪ್ರೇರಣೆ ಪಡೆದು ಕ್ಲೂಜೊ ಎಂಬ ನಿರ್ದೇಶಕನು 1943ರಲ್ಲಿ ಪ್ರಸಿದ್ಧವಾದ ಚಿತ್ರವೊಂದನ್ನು ತೆಗೆದನು.

ಸ್ವೀಡನ್ನಿನ ಸೋಡರ್ಮನ್ ಲಿಯೋನಿಗೆ ಬಂದು ಕಲಿತು, ತನ್ನ ದೇಶದಲ್ಲಿ ಇಂಥದೇ ಪ್ರಯೋಗಾಲಯ ಕಟ್ಟಿದನು. 1931ರಿಂದ ಲೊಕಾರನ ಅಪರಾಧವಿಜ್ಞಾನದ ಮಹಾಗ್ರಂಥ ಏಳು ಸಂಪುಟಗಳಲ್ಲಿ ಹೊರಬಂದಿತು. ಪ್ರತಿಯೊಂದು ಸ್ಪರ್ಶವೂ ಗುರುತು ಬಿಡುತ್ತದೆಂಬ ಚುಟುಕು ವಾಕ್ಯ ಇಂದು ಆತನ ಹೆಸರಿನಲ್ಲಿ ಲೋಕವೆಲ್ಲ ಓಡಾಡುತ್ತದೆ. ಆ ಚುಟುಕನ್ನು ಬರೆದವರು ಬೇರೆಯವರು. ಆತನು ಬರೆದದ್ದು ಇನ್ನೂ ಎಚ್ಚರದ್ದು: ಅಪರಾಧದ ಆವೇಶದಲ್ಲಿ ಮನುಷ್ಯನು ಅಲ್ಲಿ ತನ್ನದೇನನ್ನಾದರೂ ಬಿಡದೆ ಇರಲಾರನು, ಇಲ್ಲವೆ ಅಲ್ಲಿಯದೇನನ್ನಾದರೂ ಹೊತ್ತು ತರದೆ ಇರಲಾರನು ಎಂಬ ಅರ್ಥದ್ದು.

ಗುರುತು ಬಿದ್ದದ್ದು ನಿಜ. ಅದು ಯಾವಾಗ, ಯಾವ ದಾರಿಯಿಂದ ಬಂದಿತೆಂದು ಗುರುತು ತಾನಾಗಿ ಹೇಳುವುದಿಲ್ಲ. 2012ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕೊಲೆಯಾದ ಧನಿಕನ ಉಗುರುಗಳಲ್ಲಿ ಬಡವನೊಬ್ಬನ ಡಿಎನ್‌ಎ ಸಿಕ್ಕಿತು. ಗೂರ್ಬ್ಯಾಂನ ಕಾಲದಲ್ಲಿ ಯಾರ ಚರ್ಮವೆಂದು ಹೇಳಲಾಗದಿದ್ದ ಪ್ರಶ್ನೆಗೆ ಈಗ ಉತ್ತರವಿತ್ತು, ಆ ಉತ್ತರವೇ ಮೋಸ ಮಾಡಿತು. ಕೊಲೆಯ ರಾತ್ರಿ ಆ ಬಡವನು ಕುಡಿದು ಎಚ್ಚರ ತಪ್ಪಿ ಆಸ್ಪತ್ರೆಯಲ್ಲಿ ಮಲಗಿದ್ದನು. ಅವನನ್ನು ಅಲ್ಲಿಗೆ ಒಯ್ದ ಆಂಬುಲೆನ್ಸಿನ ಸಿಬ್ಬಂದಿಯೇ ಕೆಲವು ಗಂಟೆಗಳ ಬಳಿಕ ಕೊಲೆಯ ಮನೆಗೂ ಹೋಗಿದ್ದರು; ಕಣವೂ ಅವರೊಡನೆ ಹೋಗಿತ್ತು. ಇದು ಬೆಳಕಿಗೆ ಬರುವ ಹೊತ್ತಿಗೆ ಮರಣದಂಡನೆಯ ಭಯದಲ್ಲಿ ಅವನು ಸುಮಾರು ಐದು ತಿಂಗಳು ಸೆರೆಯಲ್ಲಿ ಕಳೆದಿದ್ದನು. ನಮ್ಮ ಕಲೀನಾದ ಪ್ರಯೋಗಾಲಯವಾಗಲಿ, ಬೆಂಗಳೂರಿನ ಮಡಿವಾಳದ್ದಾಗಲಿ, ಮೊಹರು ಮಾಡಿದ ಪೊಟ್ಟಣ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಪ್ರತಿ ಹೆಜ್ಜೆಗೂ ಸಹಿ ಕೇಳುವುದನ್ನು ಕಂಡು ಇದೇನು ಕಾಗದಪತ್ರದ ಕಾಟವೆಂದು ಗೊಣಗುವವರು ಈ ಮನುಷ್ಯನನ್ನು ನೆನೆಯಬೇಕು.

ಲೊಕಾರ್ 1951ರಲ್ಲಿ ಪ್ರಯೋಗಾಲಯದ ಹೊಣೆಯಿಂದ ನಿವೃತ್ತನಾದನು. ಹುಳುಕು ಕೆದಕುವ ವೃತ್ತಿಯಿದ್ದರೂ ಆತನ ಮನಸ್ಸು ಕಹಿಯಾಗಿರಲಿಲ್ಲ. ಸಂಗೀತ ನಾಟಕಗಳ ವಿಮರ್ಶೆ ಬರೆಯುತ್ತಿದ್ದನು. ಅಂಚೆಚೀಟಿಗಳ ಹುಚ್ಚಂತೂ ಬಹಳ. ಸಂಗ್ರಹಕಾರರಿಗಾಗಿ 1942ರಲ್ಲಿ ಕೈಪಿಡಿಯನ್ನೇ ಪ್ರಕಟಿಸಿದ್ದನು. ಚೀಟಿಯ ಕಾಗದ, ಅಂಚಿನ ರಂಧ್ರಗಳು, ಶಾಯಿಯ ಬಣ್ಣ, ಅಸಲಿ ಯಾವುದು ನಕಲಿ ಯಾವುದು, ಇವನ್ನೆಲ್ಲ ಅದೇ ಭೂತಗನ್ನಡಿಯಲ್ಲಿ ನೋಡುವವನಿಗೆ ವಿಶ್ರಾಂತಿಗೂ ವೃತ್ತಿಗೂ ಹೆಚ್ಚು ಅಂತರವಿರಲಿಲ್ಲ. 1966ರಲ್ಲಿ, ತನ್ನ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು.